ಮನೆಯಿಂದ ಒಬ್ಬರು

ಈಗ ತಾನೇ ಬ್ಯಾಟರಿ ಹುಡುಕಲು ಹಾಲ್ ಕ್ಲಾಸೆಟ್ ತೆರೆದೆ ನೋಡಿ, ಮೇಲಿನ ಶೆಲ್ಫಿನಿಂದ ಅಪ್ಪನ ಫೈಲು ಜಾರಿ ನನ್ನ ನೆತ್ತಿಯ ಮೇಲೆ ಬಿತ್ತು. ಫೈಲು ಅಂದರೆ ನೀವು ಅಂದುಕೊಂಡ ತೆಳ್ಳಗಿನ ಪ್ಲಾಸ್ಟಿಕ್ ವಸ್ತುವಲ್ಲ. ಅದಕ್ಕೆ ಒಂದು ಕರುವನ್ನು ಕಟ್ಟಿದರೆ ಕರು ಅಲ್ಲಾಡದು. ನನ್ನ ಬರ್ತ್ ಸರ್ಟಿಫಿಕೇಟಿನ ಹನ್ನೆರಡು ಕಾಪಿ, ಕಿಂಡರ್‌ಗಾರ್ಟನ್‌ನಿಂದ ಇಲ್ಲಿವರೆಗಿನ ರಿಪೋರ್ಟ್ ಕಾರ್ಡು, ನಮ್ಮ ಮೂವರ ಪಾಸ್‌ಪೋರ್ಟ್ ಸೈಜ್ ಫೋಟೋಗಳು, ಮಧ್ಯೆ ನುಸಿಗುಳಿಗೆ. ಕಾಗದಕ್ಕೆ ನುಸಿಗುಳಿಗೆ ಇಡುವ ಮನುಷ್ಯ ಅಮೆರಿಕದ ಈ ಇಡೀ ಜಾರ್ಜಿಯಾ ರಾಜ್ಯದಲ್ಲಿ ನಮ್ಮಪ್ಪ ಒಬ್ಬರೇ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹೋದ ವರ್ಷದ ಕೋರ್ಟಿಗೆ ಹೋಗಿ ನಿಂತೆ. ಬನ್ನಿ, ನೀವೂ ಬನ್ನಿ.

ಆಗ ನನಗೆ ಹದಿನೆಂಟು. ಕಾಲೇಜಿನ ಮೊದಲ ವರ್ಷ. ಶನಿವಾರ ಬಂದರೆ ಮೂಟೆ ಬಟ್ಟೆ ಒಗೆಯಲು ಹಾಸ್ಟೆಲಿನಿಂದ ಕಮ್ಮಿಂಗ್ ಊರಿನ ನಮ್ಮ ಮನೆಗೆ ಓಡಿ ಬರುತ್ತಿದ್ದೆ. ಅಂಥ ಒಂದು ಶನಿವಾರ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಕೋರ್ಟಿನ ಲಕೋಟೆ.

"ಏನ್ ಮಾಡ್ದೆ ಹೇಳ್ಬಿಡು," ಎಂದಳು. "ಅಪ್ಪಂಗೆ ನಾನು ನಿಧಾನವಾಗಿ ಹೇಳ್ತೀನಿ."

"ಅಮ್ಮಾ, ಇದು ಜ್ಯೂರಿ ಡ್ಯೂಟಿ. ನಾನೇನೂ ಮಾಡಿಲ್ಲ. ಬೇರೆಯವ್ರು ಮಾಡಿದಾರಾ ಇಲ್ವಾ ಅಂತ ನಾನು ಡಿಸೈಡ್ ಮಾಡ್ಬೇಕು."

"ನೀನಾ? ನಿನ್ನ ರೂಮ್ ನೋಡಿದಾರಾ ಅವ್ರು?"

ಇಲ್ಲಿ ಹಾಗೇ. ಊರಿನ ಸಾಮಾನ್ಯ ಜನರಲ್ಲಿ ಹನ್ನೆರಡು ಮಂದಿಯನ್ನು ಆರಿಸಿ, ಕೂರಿಸಿ, ಈತ ತಪ್ಪಿತಸ್ಥನೋ ಅಲ್ಲವೋ ಎಂದು ಕೇಳುತ್ತಾರೆ. ಆದರೆ ಕರೆ ಬರುವುದು ಸಿಟಿಜನ್‌ಗಳಿಗೆ ಮಾತ್ರ. ನಮ್ಮ ಮನೆಯ ಮೂವರಲ್ಲಿ ಸಿಟಿಜನ್ ನಾನೊಬ್ಬಳೇ. ನಾನು ಇಲ್ಲೇ ಹತ್ತಿರದ ಡುಲುತ್ ಊರಿನಲ್ಲಿ ಹುಟ್ಟಿದೆ. ಅದಕ್ಕಾಗಿ ನಾನು ಪಟ್ಟ ಶ್ರಮ ಅಷ್ಟೆ. ಅಪ್ಪ ಅಮ್ಮ ಮಾತ್ರ ನಾನು ಒಂದನೇ ಕ್ಲಾಸಿನಲ್ಲಿದ್ದಾಗಿನಿಂದ ಗ್ರೀನ್ ಕಾರ್ಡಿನ ಕ್ಯೂನಲ್ಲಿ ನಿಂತೇ ಇದ್ದಾರೆ. ಸಿಟಿಜನ್ ಆಗುವುದು ಅದರ ನಂತರದ ಮಾತು.

ನಾನು ಉಬ್ಬಿದ ಪೂರಿಯಾದೆ. ಮರುದಿನ ಕನ್ನಡ ಸಂಘದ ಪಾಟ್‌ಲಕ್ ಇತ್ತು, ಮನೆಗೊಂದು ಅಡುಗೆ ತಂದು ಹಂಚಿ ತಿನ್ನುವ ಊಟ. ಬಿಸಿಬೇಳೆಬಾತಿನ ಹತ್ತಿರ ಸುದ್ದಿ ಹೇಳಲು ಶುರು ಮಾಡಿದಾಗ ಅದು ಬರೀ ಸಮನ್ಸು. ಕೋಸಂಬರಿ ತಲುಪುವಷ್ಟರಲ್ಲಿ ಬ್ಯಾಂಕ್ ದರೋಡೆ. ಪಾಯಸಕ್ಕೆ ಬಂದಾಗ ಎರಡು ಕೊಲೆ, ಒಂದು ಅಪಹರಣ. ಒಬ್ಬರು ಆಂಟಿ ತಮ್ಮ ಮಗಳನ್ನು ನನ್ನ ಪಕ್ಕದಿಂದ ಎಬ್ಬಿಸಿಕೊಂಡು ಹೋದರು. ಆಗ ಸಂಘದ ಹಿರಿಯರಾದ ಡಾಕ್ಟರ್ ಅಂಕಲ್, ನಲವತ್ತು ವರ್ಷದಿಂದ ಸಿಟಿಜನ್, ಚಮಚ ಕೆಳಗಿಟ್ಟು ಕೇಳಿದರು:

"ಯಾವತ್ತಮ್ಮಾ ನಿನ್ನ ಕೊಲೆ?"

ದಿನಾಂಕ ಹೇಳಿದೆ. ಹೇಳಿದ ಕೂಡಲೇ ಫೋನ್ ತೆಗೆದು ಕ್ಯಾಲೆಂಡರ್ ನೋಡಿದೆ. ಅದೇ ಸೋಮವಾರ, ಅದೇ ಬೆಳಿಗ್ಗೆ, ಕೆಮಿಸ್ಟ್ರಿ ಫೈನಲ್. ಮೊದಲ ಸೆಮಿಸ್ಟರಿನಲ್ಲಿ ನಾನು ಘನವಾಗಿ ಮುಗ್ಗರಿಸಿದ್ದ ಅದೇ ಕೆಮಿಸ್ಟ್ರಿ. ಎರಡನೇ ಸಲವೂ ಹೋದರೆ ನರ್ಸಿಂಗ್ ಸೀಟು ಕೈಬಿಡಬೇಕಿತ್ತು. ಪ್ರೊಫೆಸರ್ ಇನ್ನೊಂದು ದಿನ ಪರೀಕ್ಷೆ ಕೊಡುವವರಲ್ಲ. ತನಗೆ ಹೆರಿಗೆ ನೋವು ಶುರುವಾದರೂ ಪ್ರಶ್ನೆಪತ್ರಿಕೆ ಹಂಚಿಯೇ ಹೊರಡುವ ಹೆಂಗಸು.

"ಸ್ಟೂಡೆಂಟ್ಸ್‌ನ ಎಕ್ಸ್‌ಕ್ಯೂಸ್ ಮಾಡ್ತಾರೆ. ಒಂದ್ ಫಾರಂ ತುಂಬು, ಸಾಕು," ಎಂದರು ಡಾಕ್ಟರ್ ಅಂಕಲ್.

ಫಾರಂ ಆನ್‌ಲೈನಿನಲ್ಲೇ ಇತ್ತು. ಎರಡು ನಿಮಿಷದ ಕೆಲಸ. ಆದರೆ ಅಪ್ಪ ಲ್ಯಾಪ್‌ಟಾಪ್ ಮುಚ್ಚಿದರು.

"ಗವರ್ನಮೆಂಟ್ ಕರೆದಾಗ ಬರಲ್ಲ ಅಂತ ಕಂಪ್ಯೂಟರ್‌ನಲ್ಲಿ ಹೇಳ್ತೀಯಾ? ನಾಳೆ ನಮ್ಮ ಫೈಲ್ ತೆಗೆದಾಗ ಅದೇ ಮೊದ್ಲು ಕಾಣುತ್ತೆ. ನಡಿ, ನೇರವಾಗಿ ಹೋಗಿ ಮುಖ ತೋರಿಸಿ ಕೇಳೋಣ."

ನಮ್ಮಪ್ಪನ ಈ ಮುಖ ತೋರಿಸುವ ಕಾಯಿಲೆಯ ಬಗ್ಗೆ ನಿಮಗೆ ಹೇಳಲೇಬೇಕು. ಅವರು ಮೈಸೂರಿನಿಂದ ತಂದ ಒಂದೇ ಒಂದು ಶಾಸ್ತ್ರ: ಯಾರೇ ಕರೆದರೂ ಮನೆಯಿಂದ ಒಬ್ಬರು ಹೋಗಬೇಕು. ಮದುವೆ, ನಾಮಕರಣ, ಗೃಹಪ್ರವೇಶ, ಯಾವುದೇ ಇರಲಿ, ಮನೆ ಪರವಾಗಿ ಒಂದು ತಲೆ. ಒಮ್ಮೆ ವರಮಹಾಲಕ್ಷ್ಮಿ ಹಬ್ಬಕ್ಕೆ ಪಕ್ಕದ ಬೀದಿಯ ಆಂಟಿ ಅಮ್ಮನನ್ನು ಕುಂಕುಮಕ್ಕೆ ಕರೆದಿದ್ದರು. ಅಮ್ಮನಿಗೆ ಜ್ವರ. ನಾನು ಕ್ಯಾಂಪಿನಲ್ಲಿ. ಅಪ್ಪ ಜುಬ್ಬ ತೊಟ್ಟು ತಾವೇ ಹೋದರು. ನಲವತ್ತು ರೇಷ್ಮೆ ಸೀರೆಗಳ ನಡುವೆ ಕೂತು, ಹಾಡು ಪೂರ್ತಿ ಕೇಳಿ, ತೆಂಗಿನಕಾಯಿ, ರವಿಕೆ ಬಟ್ಟೆ, ಒಂದು ಡಜನ್ ಬಳೆ ತಗೊಂಡು ಬಂದರು. ಬಳೆ ಸೈಜು ಸರಿಯಿಲ್ಲ ಎಂದು ಬದಲಾಯಿಸಿಯೂ ತಂದಿದ್ದರು.

ಇಂಥ ಅಪ್ಪ ಬ್ಲೇಜರ್ ಹಾಕಿ, ಫೈಲು ಹೊತ್ತು ನನ್ನನ್ನು ಕೋರ್ಟಿಗೆ ಕರೆದೊಯ್ದರು. ಸೆಕ್ಯೂರಿಟಿಯವನು ಫೈಲನ್ನು ಎರಡು ಸಲ ಸ್ಕ್ಯಾನ್ ಮಾಡಿದ. ಪಾಪ, ನುಸಿಗುಳಿಗೆ ಅವನ ಟ್ರೇನಿಂಗಿನಲ್ಲಿ ಬಂದಿರಲಿಲ್ಲ.

ಕೌಂಟರಿನಲ್ಲಿ ನೇರಳೆ ಉಗುರಿನ ಹೆಂಗಸೊಬ್ಬರು ನನ್ನನ್ನು ಇಂಗ್ಲಿಷಿನಲ್ಲಿ ಮುದ್ದಾಗಿ "ಹನೀ" ಎಂದು ಕರೆದರು, ಕಾಲೇಜಿನ ಪತ್ರ ನೋಡಿದರು, ನಾಲ್ಕು ಕೀ ಒತ್ತಿದರು. "ಆಯ್ತು. ಪರೀಕ್ಷೆ ಚೆನ್ನಾಗಿ ಬರಿ."

ಮೂವತ್ತು ಸೆಕೆಂಡು. ನನ್ನ ನರ್ಸಿಂಗ್ ಸೀಟು ಉಳಿಯಿತು. ಕುಣಿಯಬೇಕು ಅನ್ನಿಸಿತು. ಎರಡು ಹೆಜ್ಜೆ ಕುಣಿದೂಬಿಟ್ಟೆ. ಹಿಂತಿರುಗಿ ನೋಡಿದರೆ ಅಪ್ಪ ಕೌಂಟರ್ ಬಿಟ್ಟು ಕದಲಿರಲಿಲ್ಲ. ತಮ್ಮ ಆಫೀಸ್ ಇಂಗ್ಲಿಷಿನಲ್ಲಿ ಶುರು ಮಾಡಿದರು.

"ಮ್ಯಾಡಮ್, ಆ ಸೋಮವಾರಕ್ಕೆ ನಾನು ರಜೆ ಹಾಕಿದ್ದೇನೆ. ಇವಳ ಬದಲು ನಾನು ಬರುತ್ತೇನೆ. ನಮ್ಮ ಮನೆಯಿಂದ ಒಬ್ಬರು ಬಂದ ಹಾಗಾಗುತ್ತದೆ."

ನಾನು ನೆಲದ ಟೈಲ್ಸ್ ಎಣಿಸತೊಡಗಿದೆ. ಆಕೆ ನಗಲಿಲ್ಲ, ಅದೇ ತೊಂದರೆಯಾಯಿತು. ನಕ್ಕಿದ್ದರೆ ನಾನೂ ನಕ್ಕುಬಿಡುತ್ತಿದ್ದೆ.

"ಸರ್, ಇಲ್ಲಿ ದಿನವಿಡೀ ಜನ ತಪ್ಪಿಸಿಕೊಳ್ಳಲು ಬರುತ್ತಾರೆ. ಬರ್ತೀನಿ ಅಂತ ಕೇಳಿದವರು ನೀವೇ ಮೊದಲು," ಎಂದು ಕನ್ನಡಕ ತೆಗೆದರು. "ನೀವು ಸಿಟಿಜನ್ನಾ?"

"ನಾಟ್ ಯೆಟ್," ಎಂದರು ಅಪ್ಪ. ಬಸ್ಸು ಇನ್ನೇನು ಮೂಲೆ ತಿರುಗಿತು ಎನ್ನುವ ಹಾಗೆ.

"ಹಾಗಾದರೆ ಆಗುವುದಿಲ್ಲ ಸರ್. ಆದರೆ ಥ್ಯಾಂಕ್ ಯೂ."

ಅಪ್ಪ ತಲೆಯಾಡಿಸಿ ಫೈಲಿನ ಜಿಪ್ ಎಳೆದರು. ಸಿಟಿಜನ್ ಆಗಿರಬೇಕೆಂದು ಸಮನ್ಸಿನಲ್ಲೇ ಬರೆದಿತ್ತು. ಅಪ್ಪ ಅದನ್ನು ಓದಿದ್ದರು, ಪೆನ್ಸಿಲಿನಲ್ಲಿ ಗೆರೆ ಕೂಡ ಎಳೆದಿದ್ದರು. ಲಿಫ್ಟಿನಲ್ಲಿ ನನ್ನ ಮುಖ ನೋಡದೆ, "ಕೇಳೋದ್ರಲ್ಲಿ ಏನ್ ತಪ್ಪು ಪುಟ್ಟಿ," ಎಂದರು. ಅವರ ಇಂಗ್ಲಿಷನ್ನು ಅಣಕಿಸಿ ಹಾಸ್ಟೆಲನ್ನೆಲ್ಲ ನಗಿಸುವವಳು ನಾನು. ಈ ಕಥೆಯನ್ನು ಮಾತ್ರ ಯಾರಿಗೂ ಹೇಳಲಿಲ್ಲ. ನಿಮಗೇ ಮೊದಲು.

ಕೆಮಿಸ್ಟ್ರಿ ಪಾಸಾಯಿತು. ಎಷ್ಟು ಬಂತು ಅಂತ ಕೇಳಬೇಡಿ, ಸಂಘದಲ್ಲಿ ಕೇಳಿದರೆ ಬೇರೆ ನಂಬರ್ ಹೇಳುತ್ತಾರೆ.

ಈಗ ಬೇಸಿಗೆ ರಜೆ. ಹೋದ ತಿಂಗಳು ನನ್ನ ಹೆಸರಿಗೆ ಮತ್ತೆ ಸಮನ್ಸು ಬಂತು. ರಜೆಯಲ್ಲೂ ಸಮ್ಮರ್ ಕ್ಲಾಸ್ ಇದೆ, ಇನ್ನೊಂದು ಫಾರಂ ತುಂಬಬಹುದಿತ್ತು. ತುಂಬಲಿಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ಹೋಗಬೇಕು. ಅಪ್ಪ ಆಗಲೇ ಕಾರಿಗೆ ಪೆಟ್ರೋಲ್ ತುಂಬಿಸಿಕೊಂಡು ಬಂದು, ಬಾಗಿಲಿಗೆ ಒರಗಿ ನಿಂತಿದ್ದಾರೆ.

"ಒಳಗೆ ಏನೇನಾಯ್ತು ಅಂತ ಬಂದು ಹೇಳ್ತೀಯಾ?"

"ನನ್ನ ಆರಿಸಿದ್ರೆ, ಕೇಸ್ ಮುಗಿಯೋವರ್ಗೂ ಮನೇಲೂ ಏನೂ ಹೇಳೋ ಹಾಗಿಲ್ಲ ಅಪ್ಪಾ. ರೂಲ್ಸು."

"ಎಷ್ಟ್ ದಿನ ಆಗ್ಬಹುದು?"

"ಗೊತ್ತಿಲ್ಲ."

"ಪರವಾಗಿಲ್ಲ ಬಿಡು," ಎಂದರು ಅಪ್ಪ. "ಕಾಯೋದು ನಂಗೆ ಚೆನ್ನಾಗಿ ಬರುತ್ತೆ."