ಬೆಳ್ಳಿ ಲೋಟ ಮತ್ತು ಬಚ್ಚಲ ಗುಂಡಿ

ಕೊಳೆತ ಮೊಟ್ಟೆಯ ವಾಸನೆ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಶಿಕಾರಿಪುರದ ಹೈಸ್ಕೂಲಿನಲ್ಲಿ ಮೂರು ವರ್ಷ ಅದನ್ನು ಪಾಠ ಮಾಡಿದೆ. ಹೈಡ್ರೋಜನ್ ಸಲ್ಫೈಡ್ ಎಂಬ ಗಂಧಕದ ಅನಿಲಕ್ಕೆ ಆ ವಾಸನೆ ಇರುತ್ತದೆಂದು ಪುಸ್ತಕ ನೋಡಿ ಗಟ್ಟಿಯಾಗಿ ಹೇಳುತ್ತಿದ್ದೆ. ಎದುರಿಗೆ ಕೂತವರಲ್ಲಿ ಅರ್ಧಕ್ಕರ್ಧ ಮಕ್ಕಳು ನನ್ನ ಹಾಗೆಯೇ ಲಿಂಗವಂತರ ಮನೆಯವರು, ಒಳ್ಳೆಯ ಮೊಟ್ಟೆಯನ್ನೂ ಮೂಸದವರು. ಪಾಪ, ಅವರೂ ತಲೆಯಾಡಿಸುತ್ತಿದ್ದರು.

ಹೊಸ ಪೈಸೆಗೆ ಪೇಟೆ ಇನ್ನೂ ಒಗ್ಗಿರದ ವರ್ಷಗಳವು. ನನಗೆ ಮದುವೆಯಾಗಿ ಆರು ತಿಂಗಳಾಗಿತ್ತು. ಹೆಂಡತಿ ಗಿರಿಜೆ ಸೊರಬದವಳು. ಅವಳ ತಂದೆ ಒಂದು ಬೆಳ್ಳಿ ಲೋಟ ಕೊಟ್ಟು ಕಳಿಸಿದ್ದರು. ಅಡುಗೆಮನೆಯ ಕಿಟಕಿಯಲ್ಲಿ ಬೆಳ್ಳಗೆ ಕೂತಿದ್ದ ಆ ಲೋಟ ಬೇಸಿಗೆಯಲ್ಲಿ ಮೊದಲು ಕಂದಿತು, ಆಮೇಲೆ ಹೆಂಚಿನ ತಳದ ಹಾಗೆ ಕಪ್ಪಾಯಿತು. ತಿಕ್ಕಿದರೂ ವಾರದೊಳಗೆ ಮತ್ತೆ ಅದೇ ಬಣ್ಣ.

ನಮ್ಮವ್ವ ತನ್ನ ತವರಿನ ಲೋಟವನ್ನು ಟ್ರಂಕಿನಿಂದ ತೆಗೆದು ಅದರ ಪಕ್ಕ ಹಿಡಿದಳು. ಅದು ಹಾಲಿನಂತಿತ್ತು.

"ಚೊಕ್ಕ ಬೆಳ್ಳಿ ಅಂದ್ರ ಇದು. ನಿಮ್ಮಪ್ಪಾರು ಬೆರಕಿ ಬೆಳ್ಳಿ ಕೊಟ್ಟಾರ. ಶುಕ್ರವಾರ ಬರ್ತಾರಲ್ಲ, ಕೇಳೇ ಬಿಡ್ತೀನಿ."

ಗಿರಿಜೆ ನನ್ನನ್ನು ಕರೆದುಕೊಂಡು ಹೊರಗೆ ಹೋದಳು. ಹಿತ್ತಲಿನಲ್ಲಿ ನನಗೆ ಹೇಳಿದಳು: "ನಮ್ಮಪ್ಪಾಜಿ ಮುಂದೆ ಆ ಮಾತು ಬಂದ್ರೆ, ಅವರ ಜೊತೇಲೇ ನಾನೂ ಸೊರಬದ ಬಸ್ಸು ಹತ್ತೋದೇ ಕಣ್ರೀ."

ಅವಳ ಕಣ್ಣು ತಪ್ಪಿಸಿ ನೆಲ ನೋಡಿದೆ. ಅಡುಗೆಮನೆ ಕಿಟಕಿಯ ಕೆಳಗೇ ಬಚ್ಚಲ ಗುಂಡಿ. ಬಾಳೆಗಿಡಕ್ಕೆ ಅನುಕೂಲವೆಂದು ಯುಗಾದಿಗೆ ಮುಂಚೆ ನಾನೇ ತೋಡಿದ್ದು. ಅಲ್ಲಿ ಬೇಡವೆಂದ ಅವ್ವನಿಗೆ ವಿಜ್ಞಾನದ ಭಾಷಣವನ್ನೂ ಬಿಗಿದಿದ್ದೆ. ಕೋಲು ಹಾಕಿ ಕಲಕಿದೆ. ಮಸಿಯಂಥ ಕೆಸರೆದ್ದು ಗುಳುಗುಳು ಗುಳ್ಳೆ ಬಂತು. ಮೂಗಿಗೆ ಹೊಡೆದ ವಾಸನೆಗೆ ಮನಸ್ಸು ಕುಣಿಯಿತು. ಕೊಳೆತ ವಾಸನೆ, ಕಪ್ಪಾದ ಬೆಳ್ಳಿ: ಮೂರು ವರ್ಷ ಪಾಠ ಮಾಡಿದ್ದು ಇದನ್ನೇ! ದಿನವೂ ಮೂಸಿ ಮೂಸಿ ನಮ್ಮ ಮೂಗುಗಳು ದೂರು ಹೇಳುವುದನ್ನೇ ಬಿಟ್ಟಿದ್ದವು.

ಗಾಳಿ ಸುಳಿಯದ ಆ ಕೆಸರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ. ನಮಗೆ ಗಾಳಿಯಿಲ್ಲದೆ ಆಗದು, ಅವಕ್ಕೆ ಗಾಳಿ ಕಂಡರಾಗದು. ನಾವು ಚೆಲ್ಲಿದ ಅನ್ನದಗುಳನ್ನು ಉಂಡು, ನೀರಿನಲ್ಲಿ ಕರಗಿದ ಗಂಧಕದ ಲವಣವನ್ನೇ ಉಸಿರಾಗಿಸಿಕೊಂಡು, ಈ ಅನಿಲವನ್ನು ಬಿಡುತ್ತವೆ. ಅದು ತಾಗಿದರೆ ಎಂಥ ಚೊಕ್ಕ ಬೆಳ್ಳಿಯೂ ಕಪ್ಪೇ. ಭೂಮಿಯ ಗಾಳಿ ನಮಗೆ ಒಗ್ಗುವಂತಾಗುವ ಎಷ್ಟೋ ಮೊದಲೇ ಇಂಥ ಜೀವಿಗಳು ಇಲ್ಲಿ ಸಂಸಾರ ಹೂಡಿದ್ದವೆಂದು ಆಮೇಲೆ ಓದಿದೆ. ಅಷ್ಟು ಹಿರಿಯರು ನನ್ನ ಗುಂಡಿಗೆ ಬಿಡಾರ ಬಂದಿದ್ದರು.

ಒಳಗೆ ಓಡಿ ಅವ್ವನಿಗೆ ಎಲ್ಲ ಹೇಳಿದೆ. ಅವ್ವ ನಕ್ಕಳು.

"ಕಾಣದ ಹುಳ ಬೆಳ್ಳಿ ಕಪ್ಪು ಮಾಡ್ತಾವೇನೋ? ಹಂಗಾರ ನನ್ನ ಲೋಟಾನೂ ಅಲ್ಲೇ ಇಡು, ನೋಡೇ ಬಿಡೋಣ."

ಎರಡನ್ನೂ ತಿಕ್ಕಿ ಕಿಟಕಿಯಲ್ಲಿಟ್ಟೆವು. ನಾನು ದಿನಕ್ಕೆರಡು ಸಲ, ಲಿಂಗಪೂಜೆಯಲ್ಲೂ ಇಲ್ಲದ ಭಕ್ತಿಯಿಂದ, ಗುಂಡಿ ಕಲಕಿದೆ. ಗುರುವಾರ ಬೆಳಿಗ್ಗೆ ನೋಡಿದರೆ ಎರಡೂ ಕಪ್ಪು. ಬಣ್ಣ ನೋಡಿ ಯಾವುದು ಯಾರದೆಂದು ಹೇಳುವಂತಿರಲಿಲ್ಲ.

ಅವ್ವ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕೂತಳು. ತನ್ನ ತವರಿನದನ್ನು ಹೊರಳಿಸಿ ಹೊರಳಿಸಿ ನೋಡಿದಳು. ಗೆದ್ದ ಖುಷಿ ನನಗೆ ಅರ್ಧಕ್ಕೇ ನಿಂತಿತು. ಆಮೇಲೆ ವಿಭೂತಿ ಪುಡಿ ತಂದು ತಿಕ್ಕತೊಡಗಿದಳು, ಮೊದಲು ಸೊಸೆಯದನ್ನು.

ಶುಕ್ರವಾರ ಮಾವನವರು ಬಂದರು. ಅವ್ವ ಸೊಸೆಯ ಲೋಟದಲ್ಲೇ ಅವರಿಗೆ ಹಾಲು ಕೊಟ್ಟಳು. ಗಿರಿಜೆ ಬಾಗಿಲ ಮರೆಯಲ್ಲಿ ನಿಂತಿದ್ದಳು.

"ನಿಮ್ಮ ಬೆಳ್ಳಿ ಚೊಕ್ಕ ಐತ್ರೀ ಬೀಗ್ರ," ಎಂದಳು ಅವ್ವ. "ನಮ್ಮನಿ ಗಾಳೀನ ಸರಿ ಇರಲಿಲ್ಲ."

ಮಾವನವರಿಗೆ ಏನೂ ತಿಳಿಯಲಿಲ್ಲ, ಹಾಲು ಕುಡಿದರು. ಗಿರಿಜೆ ನನ್ನ ಕಡೆ ನೋಡಿದಳು. ನಾನು ಗುದ್ದಲಿ ಹಿಡಿದು ಸದ್ದಿಲ್ಲದೆ ಹಿತ್ತಲಿಗೆ ಹೋದೆ.

ಸೋಮವಾರ ಕ್ಲಾಸಿನಲ್ಲಿ ಮೊಟ್ಟೆಯ ಮಾತೆತ್ತಲಿಲ್ಲ. "ನಿಮ್ಮ ನಿಮ್ಮ ಮನೆಯ ಬಚ್ಚಲ ಗುಂಡಿ ಕಲಕಿ ನೋಡಿ" ಎಂದೆ. ಇನ್ನೊಬ್ಬರ ಬೆಳ್ಳಿಯನ್ನು ಅನುಮಾನಿಸುವ ಮೊದಲು, ಎಂದು ಸೇರಿಸಬೇಕೆನಿಸಿತು; ಅದು ಪಠ್ಯದಲ್ಲಿರಲಿಲ್ಲ.