ಉಸಿರು ಕದಿಯುವ ಜಾಗ

ಮೊದಲ ಹಾಡಿನ ನಲವತ್ತೊಂದನೆಯ ಸೆಕೆಂಡಿನಲ್ಲಿ ಸ್ಯಾಕ್ಸೋಫೋನ್ ನುಡಿಸುವವನು ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ. ಜಾಝ್ ಕೇಳುವುದನ್ನು ಎಲ್ಲಿಂದ ಶುರುಮಾಡಲಿ ಎಂದು ನೀವು ಕೇಳಿದರೆ, ಈ ಹಳೆಯ ಆಲ್ಬಮ್ಮಿನ ಆ ಉಸಿರಿನಿಂದಲೇ ಎನ್ನುತ್ತೇನೆ. ಇತಿಹಾಸ, ಲಯದ ಲೆಕ್ಕಾಚಾರ ಎಲ್ಲ ಆಮೇಲೆ. ಅವುಗಳ ಬಗ್ಗೆ ನಾನು ಬೇಕಾದಷ್ಟು ಓದಿದ್ದೇನೆ. ಹೆಚ್ಚೇನೂ ಉಪಯೋಗಕ್ಕೆ ಬಂದಿಲ್ಲ.

ಕೇಳುವುದನ್ನು ಕಲಿಸಿದವರು ಮರಿಯಮ್ಮನಹಳ್ಳಿಯ ನನ್ನ ಸೋದರಮಾವ. ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸ್ ನುಡಿಸುತ್ತಾರೆ. ಚಿಕ್ಕವಳಿದ್ದಾಗ ಮೆರವಣಿಗೆಯಲ್ಲಿ ಅವರ ಪಕ್ಕದಲ್ಲೇ ನಡೆಯುತ್ತಿದ್ದೆ. ಕಾಲೇಜು ಸೇರಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ. ಆಮೇಲೆ ಮೆರವಣಿಗೆಗೆ ಹೋಗುವುದನ್ನೇ ಬಿಟ್ಟೆ. ನಡೆಯುತ್ತ ನುಡಿಸುವವರು ಹಾಡು ಕಡಿಯದಂತೆ, ಯಾರಿಗೂ ತಿಳಿಯದಂತೆ ಗಾಳಿ ಎಳೆದುಕೊಳ್ಳಬೇಕು. ಮಾವ ಅದನ್ನು ಉಸಿರು ಕದಿಯುವುದು ಎನ್ನುತ್ತಾರೆ.

ಕಳೆದ ಭಾನುವಾರ ಸಂಜೆ ಹೊಸಪೇಟೆಯ ಕೇಳುಗರ ಬಳಗವೊಂದು ಹೊಸಬರಿಗಾಗಿ ಇದೇ ಆಲ್ಬಮ್ ಹಾಕಿತ್ತು. ಮಾವನನ್ನೂ ಕರೆದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಬಳಗ ನಡೆಸುವ ನಿವೃತ್ತ ಅಧ್ಯಾಪಕರು ಎದ್ದು ನಿಂತು, "ಮೊದ್ಲು ಮದುವಿ ಬ್ಯಾಂಡಿನ ಪೀಪಿ ಸದ್ದು ಕಿವಿಯಿಂದ ತೊಳ್ಕೊಳ್ರಿ. ಆಮ್ಯಾಲೆ ಇದು ತಿಳೀತೈತಿ," ಎಂದರು. ಎಲ್ಲರೂ ನಕ್ಕರು. ಮಾವನೂ ನಕ್ಕರು.

ಆಲ್ಬಮ್ ಮುಗಿದ ಮೇಲೆ ಅಧ್ಯಾಪಕರು ನಮ್ಮ ಹತ್ತಿರ ಬಂದು ಮಾವನನ್ನು ಕೇಳಿದರು: "ತಾವೇನ್ ಮಾಡ್ತೀರಿ?"

"ಮದುವಿ ಬ್ಯಾಂಡ್‌ನ್ಯಾಗ ಇದ ಸ್ಯಾಕ್ಸ್ ಬಾರಿಸ್ತೀನ್ರಿ, ಸರ."

"ಹೌದಾ! ಭಾಳ ಚಲೋ ಆತು. ಹಂಗಾರ ಈ ಕುರ್ಚಿ ಒಂದೀಟು ಎತ್ತಿಡು."

ಎರಡು ಮಾತಿನ ನಡುವೆ 'ತಾವು' ಎಂಬುದು 'ನೀನು' ಆಗಿತ್ತು. ನನ್ನ ಕಡೆ ತಿರುಗಿ, "ಇವ ನಿಮಗೇನಾಗ್ಬೇಕಮ್ಮಾ?" ಎಂದರು.

"ನಮ್ಮೂರ ಕಡೆಯವರು," ಎಂದೆ. ಎಂ.ಎ. ಓದಿದ ನಾಲಿಗೆ ಅಷ್ಟೇ ಹೊರಳಿತು. ಪಕ್ಕದಲ್ಲೇ ಇದ್ದ ಮಾವ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದರು.

ಮಾವನನ್ನು ಊರಿನ ಬಸ್ಸು ಹತ್ತಿಸಲು ಹೋಗುವಾಗ ಅವರ ತಲೆಯಲ್ಲಿ ಇದ್ದದ್ದು ಹಾಡು ಮಾತ್ರ. "ಆ ಸ್ಯಾಕ್ಸ್ ಬಾರಿಸೋ ಮನಷ್ಯಾ ನಾ ಕದಿಯೋ ಜಾಗದಾಗ ಉಸಿರು ಕದ್ದಾನ, ಕೇಳ್ದೇನವ್ವಾ? ಆದ್ರ ಬಚ್ಚಿಟ್ಟಿಲ್ಲ ನೋಡು. ನಮ್ದು ಕೇಳಿಸ್ತು ಅಂದ್ರ ಬೀಗರು ಬೈತಾರ."

ಆ ಅಧ್ಯಾಪಕರಿಗೆ ಆಲ್ಬಮ್ಮಿನ ಬಗ್ಗೆ ಒಂದು ಗಂಟೆ ಮಾತಾಡಲು ಬಂತು. ಈ ಒಂದು ಮಾತು ಬರಲಿಲ್ಲ. ಅದನ್ನು ಬಲ್ಲವರ ಕೈಯಲ್ಲಿ ಕುರ್ಚಿ ಹೊರಿಸಿದರು. ಸಿಟ್ಟಿಗೆ ನನ್ನ ಕಿವಿ ಬಿಸಿಯಾಗಿತ್ತು. ಅವರ ಮೇಲೆ, ನಕ್ಕವರ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ 'ನಮ್ಮೂರ ಕಡೆಯವರು' ಎಂದವಳ ಮೇಲೆ.

ಮರುದಿನ ಬೆಳಿಗ್ಗೆ ಅಧ್ಯಾಪಕರ ಮನೆಗೆ ಹೋದೆ. "ನಿನ್ನೆ ಕುರ್ಚಿ ಎತ್ತಿದವರು ನನ್ನ ಸೋದರಮಾವ," ಎಂದೆ.

"ಅಯ್ಯ, ಮೊದ್ಲ ಹೇಳಬಾರ್ದೇನಮ್ಮಾ! ನಿಮ್ಮವ್ರು ಅಂತ ಗೊತ್ತಿದ್ರ ಎತ್ತಿಸ್ತಿದ್ನೇನು?"

"ನಮ್ಮವ್ರು ಅಲ್ದಿದ್ರ ಎತ್ತಿಸ್ಬೋದಿತ್ತೇನ್ರಿ?"

ಅಲ್ಲಿಂದ ಹೊರಟೆ. ನನ್ನ ತಪ್ಪನ್ನು ಮಾವನೆದುರು ಒಪ್ಪಿಕೊಳ್ಳುವುದು ಬಾಕಿಯಿತ್ತು. ಮರಿಯಮ್ಮನಹಳ್ಳಿಯ ಬಸ್ಸು ಹತ್ತಿದೆ.