ಕನ್ನಡಿಯಲ್ಲಿ ಕಂಡ ಬುದ್ಧನ ಕಣ್ಣು

ಕಲ್ಲಿಗೆ ಜೀವ ಬರುತ್ತದೆ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಮಾಲೂರು ಕಡೆಯ ನಮ್ಮೂರಲ್ಲಿ ಅಣ್ಣ ಮತ್ತು ನಾನು ವಿಗ್ರಹ ಕೆತ್ತುವವರು. ದೇವರಿಗೆ ಕಡೆಯಲ್ಲಿ ಕಣ್ಣು ತೆರೆಸುವ ಶಾಸ್ತ್ರವನ್ನೂ ಗಿರಾಕಿಗಳ ಸಮಾಧಾನಕ್ಕೆ ಮಾಡುತ್ತಿದ್ದೆ, ಅಷ್ಟೆ. ಉಳಿ ಹಿಡಿದವನಿಗೆ ಕಲ್ಲು ಕಲ್ಲೇ.

ಕೆಲವು ವರ್ಷಗಳ ಹಿಂದೆ ಮುಳಬಾಗಿಲಿನ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಕೇರಿಯ ವಿಹಾರಕ್ಕೆ ಬುದ್ಧನನ್ನು ಮಾಡಲು ಹೇಳಿದರು. ಶ್ರೀಲಂಕಾಕ್ಕೆ ಯಾತ್ರೆ ಹೋಗಿ ಬಂದವರು. "ಕಣ್ಣು ಕಡೇಲಿ ಮಾಡಪ್ಪ. ಎದುರಿಗೆ ನಿಂತ್ಕೋಬೇಡ, ಬೆನ್ನು ತಿರುಗಿಸ್ಕೊಂಡು ಕನ್ನಡೀಲಿ ನೋಡ್ಕೊಂಡು ಮಾಡು. ಮೊದಲ ನೋಟ ಮನುಷ್ಯನ ಮೇಲೆ ಬೀಳಬಾರ್ದು ಅಂತ ಅಲ್ಲಿಯ ಶಿಲ್ಪಿಗಳು ಹಂಗೇ ಮಾಡ್ತಾರೆ" ಅಂದರು. ತಲೆಯಾಡಿಸಿದೆ, ಒಳಗೇ ನಕ್ಕೆ.

ಕಣ್ಣು ಮಾತ್ರ ಬಾಕಿಯಿದ್ದಾಗ, ನಂಗಲಿ ಹೆದ್ದಾರಿಯಲ್ಲಿ ಬಾರ್ ಕಟ್ಟಿಸುತ್ತಿದ್ದವನೊಬ್ಬ ಬಂದು ಅಣ್ಣನ ಹತ್ತಿರ ಮಾತಾಡಿ ಹೋದ.

"ಲೇ, ಅವ್ರಿಗೆ ತಲೆ ಒಂದೇ ಸಾಕಂತೆ ಕಣೋ, ಬಾರ್ ಬಾಗಿಲಲ್ಲಿ ಇಡಕ್ಕೆ. ಬೇಗ ಕೊಟ್ರೆ ದುಡ್ಡು ಜಾಸ್ತಿ ಕೊಡ್ತಾರಂತೆ. ಕುತ್ತಿಗೆ ಹತ್ರ ಕುಯ್ದುಬಿಡಾಣ. ಮೇಷ್ಟ್ರಿಗೆ ಇನ್ನೊಂದು ಮಾಡ್ಕೊಟ್ರಾಯ್ತು" ಎಂದ ಅಣ್ಣ.

"ವೆಂಕಟರಮಣನ ತಲೆ ಕುಯ್ದು ಬಾರಲ್ಲಿ ಇಡು ಅಂದ್ರೆ ಇಡ್ತೀಯ?"

"ಅದು ಬೇರೆ, ಇದು ಬೇರೆ."

ಮೈಯೆಲ್ಲ ಉರಿದುಹೋಯಿತು. ಯಾವ ಕೇರಿಯವರ ದೇವರು ಎಂದು ನೋಡಿ ಮರ್ಯಾದೆ ಕೊಡುವ ನಾಚಿಕೆಗೇಡಿತನ ನನ್ನ ಮನೆಯಲ್ಲೇ ಇತ್ತು! ಇವತ್ತೇ ಕಣ್ಣು ಮುಗಿಸಿ ಕಳಿಸಿಬಿಡುತ್ತೇನೆ ಎಂದು ಹಟ ಹುಟ್ಟಿತು. ಅದೇ ಹಟದಲ್ಲಿ, ಮೇಷ್ಟ್ರು ಹೇಳಿದಂತೆಯೇ ಆಗಲಿ ಎಂದು ಗೋಡೆಯ ಕನ್ನಡಿ ಕಿತ್ತು ತಂದು, ವಿಗ್ರಹಕ್ಕೆ ಬೆನ್ನು ಮಾಡಿ ನಿಂತೆ.

ಮಟಮಟ ಮಧ್ಯಾಹ್ನ. ಕನ್ನಡಿಯಲ್ಲಿ ಬುದ್ಧನಿಗೆ ಕಣ್ಣುಗಳಿದ್ದವು. ಅರ್ಧ ಮುಚ್ಚಿ ಕೆಳಗೆ ನೋಡುತ್ತಿದ್ದವು; ಎಡಗಡೆಯ ರೆಪ್ಪೆ ತುಸು ಹೆಚ್ಚೇ ಇಳಿದಿತ್ತು. ತಿರುಗಿದೆ. ಬರೀ ನುಣುಪು ಕಲ್ಲು. ಬೆರಳಿನಿಂದ ಸವರಿದೆ, ಒಂದು ಗೀರೂ ಇಲ್ಲ. ಮತ್ತೆ ಕನ್ನಡಿ ಎತ್ತಿದರೆ ಅವೇ ಕಣ್ಣುಗಳು.

ಅಷ್ಟರಲ್ಲಿ ಅಣ್ಣ ಕಲ್ಲು ಕುಯ್ಯುವ ಮಿಷನ್ ಹಿಡಿದು ಬಂದ. ಕನ್ನಡಿಯನ್ನು ಅವನ ಕೈಗೆ ತುರುಕಿ, ಭುಜ ಹಿಡಿದು ತಿರುಗಿಸಿ ನಿಲ್ಲಿಸಿದೆ. ಒಂದು ಗಳಿಗೆ ನೋಡಿದ. ಮಿಷನ್ ಕೆಳಗಿಟ್ಟು, ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದು, "ಮೇಷ್ಟ್ರಿಗೆ ಫೋನ್ ಮಾಡು" ಎಂದ.

ಕಂಡಂತೆಯೇ ಕೆತ್ತಿದೆ. ಬುದ್ಧ ಈಗ ವಿಹಾರದಲ್ಲಿದ್ದಾನೆ. ಬಾರಿನವನು ಬೇರೆ ಕಡೆ ಬುದ್ಧನ ತಲೆ ಮಾಡಿಸಿ ಬಾಗಿಲಲ್ಲಿಟ್ಟುಕೊಂಡ. ಆ ದಾರಿಯಲ್ಲಿ ಹೋದಾಗಲೆಲ್ಲ ನನಗೆ ಈಗಲೂ ರಕ್ತ ಕುದಿಯುತ್ತದೆ. ಆವತ್ತು ಕನ್ನಡಿಯಲ್ಲಿ ನೀನು ಏನು ಕಂಡೆ ಎಂದು ಅಣ್ಣನನ್ನು ಎಷ್ಟೋ ಸಲ ಕೇಳಿದ್ದೇನೆ. "ಅದೊಂದು ಬಿಟ್ಟು ಬೇರೆ ಮಾತಾಡು" ಎಂದು ಎದ್ದು ಹೋಗುತ್ತಾನೆ. ಸಿಟ್ಟಿನ ಭರದಲ್ಲಿ ನನ್ನ ಕಣ್ಣೇ ಮೋಸ ಮಾಡಿತು ಎಂದುಕೊಳ್ಳೋಣವೆಂದರೆ, ಸಿಟ್ಟಿದ್ದದ್ದು ನನಗೆ. ಅಣ್ಣನಿಗೇನಾಗಿತ್ತು?